ಸಣ್ಣ ಕಂಬಕ್ಕೆ ಎರಡು ಲಿಪಿ

ಆಸ್ಪತ್ರೆಯ ಹೊಸ ಕಟ್ಟಡದಲ್ಲಿ ಬಾಗಿಲುಗಳ ನಡುವಿನ ಕಂಬಗಳು ಬಹಳ ಸಣ್ಣವು. ನಾನು ಮೊದಲ ಸಲ ಹೋದಾಗ ಇನ್ನೂ ಗಿಲಾವು ಮುಗಿದಿರಲಿಲ್ಲ. ಕಂಬದ ಮೇಲೆ ಅಂಗೈ ಅಗಲಿಸಿ ಇಟ್ಟು ನೋಡಿದೆ. ಕಿರುಬೆರಳಿನ ಆಚೆ ಉಳಿದದ್ದು ಸ್ವಲ್ಪವೇ ಜಾಗ. ಅಷ್ಟು ಅಗಲದಲ್ಲಿ ‘ಔಷಧ ವಿತರಣೆ’, ‘ರಕ್ತ ಪರೀಕ್ಷೆ’, ‘ಹೆರಿಗೆ ವಿಭಾಗ’ ಎಂಬಂಥ ಮಾತುಗಳು ಕನ್ನಡದಲ್ಲೂ ಮರಾಠಿಯಲ್ಲೂ ಕೂರಬೇಕಿತ್ತು. ಗಾಬರಿಯಲ್ಲಿ ಬಂದವರಿಗೆ ಹಜಾರದ ಆ ತುದಿಯಿಂದಲೇ ಕಾಣಬೇಕಿತ್ತು.

ಅದು ಬೆಳಗಾವಿಯ ಒಂದು ಟ್ರಸ್ಟಿನ ಆಸ್ಪತ್ರೆ. ಖಾನಾಪುರ ಕಡೆಯ ಹಳ್ಳಿಗಳಿಂದ ಬರುವವರೇ ಹೆಚ್ಚು, ಅವರಲ್ಲಿ ಅರ್ಧದಷ್ಟು ಜನ ಮರಾಠಿ ಓದುವವರು. ಟ್ರಸ್ಟಿಗೆ ದಾನ ಕೊಟ್ಟವರಲ್ಲಿ ಒಬ್ಬರು ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುತ್ತಿದ್ದರು. ಫಲಕಗಳೆಲ್ಲ ಲೋಹದ ಎರಕದಲ್ಲೇ ಆಗಬೇಕು ಎಂಬುದು ಅವರ ಹಟ.

“ಬಣ್ಣ ಬಳದದ್ದು ನಾಕ್ ದಿನಕ್ಕ ಅಳಸ್ತೈತ್ರಿ ಮೇಡಂ. ಎರಕದ ಪಾಟಿ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತೈತಿ,” ಎಂದರು.

ನನಗೆ ಮದುವೆಯೇ ಆಗಿಲ್ಲ ಎಂದು ಹೇಳುವ ಸಂದರ್ಭ ಅದಾಗಿರಲಿಲ್ಲ. ತಲೆಯಾಡಿಸಿದೆ.

ಅಕ್ಷರ ರೂಪಿಸುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ಕೂತು ಒಂದೊಂದೇ ಅಕ್ಷರದ ಹೊರಗೆರೆ ಎಳೆದು, ಗುಣಿತ, ಒತ್ತಕ್ಷರಗಳನ್ನೆಲ್ಲ ಹೊಂದಿಸಿ ಫಾಂಟ್ ಮಾಡುತ್ತೇನೆ. ಈ ಕಂಬಗಳಿಗೆ ಬೇಕಾದದ್ದು ಏನೆಂದು ಅಲ್ಲೇ ತಿಳಿದಿತ್ತು. ಅಕ್ಷರ ಅಗಲದಲ್ಲಿ ಕಿರಿದಾಗಿರಬೇಕು, ಎತ್ತರದಲ್ಲಿ ಅಲ್ಲ. ಗೆರೆ ಎಲ್ಲ ಕಡೆ ಒಂದೇ ದಪ್ಪ ಇರಬೇಕು. ತುದಿಗಳು ದುಂಡಾಗಿರಬೇಕು, ಏಕೆಂದರೆ ಎರಕದ ಮರಳಿನ ಅಚ್ಚಿನಲ್ಲಿ ಚೂಪು ಮೂಲೆ ನಿಲ್ಲುವುದಿಲ್ಲ, ಉದುರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಇಂಥ ಶೈಲಿಗಳು ಬೇಕಾದಷ್ಟು ಸಿಗುತ್ತವೆ. ಕನ್ನಡವನ್ನು ಕಿರಿದು ಮಾಡುವುದು ಬೇರೆಯೇ ಮಾತು. ನಮ್ಮ ಅಕ್ಷರಗಳು ಹುಟ್ಟಿನಿಂದಲೇ ಗುಂಡಗೆ, ಅಕ್ಕಪಕ್ಕ ಹರಡಿಕೊಂಡು ಕೂತವು. ಎರಡೂ ಬದಿಯಿಂದ ಒತ್ತಿದರೆ ಹೊಟ್ಟೆಯೊಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಆ ಖಾಲಿ ಜಾಗದಿಂದಲೇ ಓದುವವರು ಪ ಯಾವುದು, ಷ ಯಾವುದು ಎಂದು ಗುರುತಿಸುವುದು.

ಮರಾಠಿಯ ನಾಗರಿ ಅಕ್ಷರಗಳನ್ನು ನಾನು ಒಬ್ಬಳೇ ಮಾಡುವವಳಲ್ಲ. ಅದಕ್ಕೆ ದಾದಾ ಇದ್ದರು.

ದಾದಾ ಖಾನಾಪುರದವರು, ಮನೆಮಾತು ಮರಾಠಿ, ಕನ್ನಡ ನಮ್ಮಷ್ಟೇ ಸಲೀಸು. ನನಗಿಂತ ಹತ್ತು-ಹನ್ನೆರಡು ವರ್ಷ ದೊಡ್ಡವರು. ಎಲ್ಲರಂತೆ ನಾನೂ ಅಣ್ಣ ಎಂಬ ಅರ್ಥದಲ್ಲಿ ದಾದಾ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಅವರು ಪೆನ್ಸಿಲಿನಿಂದ ಹಾಳೆಯ ಮೇಲೆ ಬರೆದು, ತಿದ್ದಿ, ತೃಪ್ತಿಯಾದ ಮೇಲಷ್ಟೇ ಕಂಪ್ಯೂಟರಿಗೆ ತರುವವರು. ನಾನು ರಾಮತೀರ್ಥ ನಗರದ ಬಾಡಿಗೆ ಮನೆಯ ಮೇಲಿನ ಕೋಣೆಯಲ್ಲಿ, ಅವರು ಖಾನಾಪುರದ ತಮ್ಮ ಪಡಸಾಲೆಯಲ್ಲಿ. ಬೆಳಗಿನ ಚಹಾ ಆದ ಮೇಲೆ ಫೋನ್ ಹಚ್ಚುತ್ತಿದ್ದೆವು, ಆಮೇಲೆ ಮಧ್ಯಾಹ್ನ ಊಟದ ತನಕ ಕಟ್ ಮಾಡುತ್ತಿರಲಿಲ್ಲ. ಮಾತಾಡುತ್ತಿದ್ದೆವು ಅಂತಲ್ಲ. ಫೋನ್ ಮೇಜಿನ ಮೇಲೆ ಇರುತ್ತಿತ್ತು, ಅತ್ತಲಿಂದ ಅವರ ಮನೆಯ ಕುಕ್ಕರಿನ ಸೀಟಿ, ರಬ್ಬರು ತಿಕ್ಕುವ ಸದ್ದು, ಆಗೊಮ್ಮೆ ಈಗೊಮ್ಮೆ “ತಂಗಿ, ನಿನ್ನ ಕ ಎಷ್ಟ ಎತ್ತರ ಇಟ್ಟಿ?” ಎಂಬ ಪ್ರಶ್ನೆ. ಒಂಟಿಯಾಗಿ ಕೂತು ಮಾಡುವ ಕೆಲಸ ನನಗೆ ಹಾಗೆ ಒಂಟಿ ಅನ್ನಿಸುತ್ತಿರಲಿಲ್ಲ.

ಎರಡು ಲಿಪಿಗಳೂ ಅಕ್ಕಪಕ್ಕದ ಮನೆಯವರಂತೆ ಕಾಣಬೇಕು, ಅವಳಿಗಳಂತೆ ಅಲ್ಲ ಎಂದು ನಾವು ನಿರ್ಧರಿಸಿಕೊಂಡಿದ್ದೆವು. ಗೆರೆಯ ದಪ್ಪ ಒಂದೇ. ತುದಿಯ ದುಂಡು ಒಂದೇ. ಉಳಿದದ್ದು ಅವರವರ ಸ್ವಭಾವ. ನಾಗರಿಯಲ್ಲಿ ಅವರಿಗೆ ಬೇರೆ ತೊಡಕು. ಅಲ್ಲಿ ಅಕ್ಷರಗಳೆಲ್ಲ ಒಂದೇ ತಲೆಗೆರೆಗೆ ನೇತುಬಿದ್ದಿರುತ್ತವೆ. ಪ್ರತಿ ಅಕ್ಷರದ ತಲೆಗೆರೆಯ ತುದಿ ದುಂಡು ಮಾಡಿದರೆ, ಎರಡು ಅಕ್ಷರ ಸೇರುವಲ್ಲಿ ಕಚ್ಚು ಬೀಳುತ್ತದೆ, ಗರಗಸದ ಹಾಗೆ. ಅವರು ಒಂದರ ತುದಿಯನ್ನು ಇನ್ನೊಂದರ ಒಳಗೆ ಸರಿಸಿ, ಮಾತಿನ ಎರಡು ಕೊನೆಗಳಲ್ಲಿ ಮಾತ್ರ ದುಂಡು ಕಾಣುವಂತೆ ಮಾಡಿದರು. ಷ ಬಂದಾಗ ಇಬ್ಬರೂ ನಕ್ಕಿದ್ದೆವು. ಕನ್ನಡದಲ್ಲಿ ಅದು ‘ಹೊಟ್ಟೆ ಸೀಳಿದ ಷ’, ಮರಾಠಿಯಲ್ಲೂ ಅದೇ ಹೆಸರು, ‘ಪೋಟಫೋಡ್ಯಾ ಷ’.

“ಎರಡೂ ಕಡೆ ಒಬ್ಬನ ಮಾಸ್ತರ ಕಲಿಸ್ಯಾನ ಅನಸ್ತೈತಿ,” ಎಂದಿದ್ದರು ದಾದಾ.

ನನ್ನ ಕನ್ನಡ ಹೆಚ್ಚುಕಡಿಮೆ ಮುಗಿದಿತ್ತು, ಅವರ ನಾಗರಿ ಅರ್ಧ ದಾಟಿತ್ತು. ಆಗ ಒಂದು ಬೆಳಿಗ್ಗೆ, ಅವರ ಅಕ್ಷರಗಳನ್ನೇ ಜೋಡಿಸಿ ನಾನು ಹಿಂದಿನ ದಿನ ಕಳಿಸಿದ್ದ ಹಾಳೆಯನ್ನು ತೆರೆದು ಅವರು ಕೇಳಿದರು:

“ತಂಗಿ, ಇದ್ ಯಾವ ಲಿಪಿ ಕಳಿಸೀದಿ?”

ಚೇಷ್ಟೆ ಅಂದುಕೊಂಡೆ. “ನಿಮ್ಮ ಮನೀ ಲಿಪಿನ ದಾದಾ,” ಎಂದೆ.

“ಚೇಷ್ಟೆ ಬ್ಯಾಡ. ತೆಲುಗು ಅಲ್ಲ, ತಮಿಳು ಅಲ್ಲ, ಯಾವ್ದಿದು?”

“ದಾದಾ, ಅದು ನೀವ ಬರದದ್ದು. ಕ, ಖ, ಗ.”

ಆ ಕಡೆಯಿಂದ ಕಾಗದ ಸರಬರ ಮಾಡುವ ಸದ್ದು ಕೇಳಿತು. ಅವರು ದಿನಪತ್ರಿಕೆ ಎತ್ತಿಕೊಂಡಿದ್ದರೆಂದು ಆಮೇಲೆ ತಿಳಿಯಿತು. “ಪೇಪರಿನಾಗೂ ಇದ ಐತಲಾ,” ಎಂದರು. ಆ ದನಿ ನಾನು ಅವರಿಂದ ಎಂದೂ ಕೇಳಿದ್ದಲ್ಲ. ನಾನು ಅವರ ಹೆಂಡತಿಯನ್ನು, ನನ್ನ ಲೆಕ್ಕಕ್ಕೆ ಅತ್ತಿಗೆ, ವಹಿನಿಯನ್ನು ಕೂಗಿ ಕರೆದೆ. ಫೋನಿನಲ್ಲಿ ಕೂಗಿದ್ದು ಅವರಿಗೆ ಕೇಳಿಸಿತು. ಒಂದು ಗಾಡಿ ಹಿಡಿದು ಕೂಡಲೇ ಬೆಳಗಾವಿಗೆ ಕರೆತಂದರು.

ಮೆದುಳಿನ ಹಿಂಭಾಗದ ಒಂದು ಕಡೆಗೆ ರಕ್ತ ಹರಿಯುವುದು ನಿಂತಿತ್ತು. ಕೈಕಾಲು, ಮಾತು ಎಲ್ಲ ನೆಟ್ಟಗಿದ್ದವು. ಬಲಬದಿಯ ನೋಟ ಹೋಗಿತ್ತು. ಮತ್ತೆ ಅಕ್ಷರ ಹೋಗಿತ್ತು. ವೈದ್ಯರು ವಹಿನಿಗೂ ನನಗೂ ತಾಳ್ಮೆಯಿಂದ ತಿಳಿಸಿ ಹೇಳಿದರು: “ಕಣ್ಣಿಗೆ ಏನೂ ಆಗಿಲ್ರಿ. ಕಂಡದ್ದು ಅಕ್ಷರ ಅಂತ ಗುರ್ತು ಹಿಡಿಯೂ ಜಾಗಾಕ್ಕ ಪೆಟ್ಟ ಬಿದ್ದೈತಿ. ಬರೀತಾರ. ಓದಾಕ ಆಗೂದಿಲ್ಲ.”

ನಂಬಿಕೆಯಾಗಲಿಲ್ಲ. ಅವರೇ ಒಂದು ಕಾಗದ ಕೊಟ್ಟು ಹೆಸರು ಬರೆಯಲು ಹೇಳಿದರು. ದಾದಾ ತಮ್ಮ ಹೆಸರನ್ನು ಮರಾಠಿಯಲ್ಲಿ ಬರೆದರು, ಎಂದಿನ ಚಂದದ ಅಕ್ಷರದಲ್ಲಿ, ತಲೆಗೆರೆಯನ್ನು ಕೊನೆಗೆ ಒಂದೇ ಎಳೆತಕ್ಕೆ ಎಳೆದರು. ವೈದ್ಯರು ಆ ಕಾಗದವನ್ನು ತಿರುಗಿಸಿ ಮತ್ತೆ ಅವರ ಮುಂದೆ ಹಿಡಿದು, “ಏನ್ ಬರದೀರಿ ಓದ್ರಿ,” ಎಂದರು. ದಾದಾ ಅದನ್ನು ನೋಡಿದರು. ಹತ್ತಿರ ತಂದರು, ದೂರ ಹಿಡಿದರು. ಆಮೇಲೆ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು.

ಮರುವಾರದಿಂದ ಬೆಳಿಗ್ಗೆ ಚಹಾ ಆದ ಮೇಲೆ ನನಗೆ ಫೋನ್ ಹಚ್ಚಲು ಯಾರೂ ಇರಲಿಲ್ಲ. ಕೋಣೆಯಲ್ಲಿ ಫ್ಯಾನಿನ ಸದ್ದು ಅಷ್ಟು ದೊಡ್ಡದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಂದು ಸಲ ಯಾವುದೋ ಗೆರೆ ಸರಿಬಂತೆಂದು ಖುಷಿಯಾಗಿ “ನೋಡ್ರಿ ದಾದಾ” ಎಂದು ಜೋರಾಗಿಯೇ ಅಂದುಬಿಟ್ಟೆ. ಕೆಳಗಿನ ಮನೆಯ ಮಾಲಕಿ, ಅಂಗಳದಲ್ಲಿ ಬಟ್ಟೆ ಹರವುತ್ತಿದ್ದವರು, “ಯಾರ್ ಬಂದಾರವಾ?” ಎಂದು ಕೇಳಿದರು. ಯಾರೂ ಇಲ್ಲ ಎಂದೆ.

ಹೊಸ ಕಟ್ಟಡದ ಉದ್ಘಾಟನೆ ದೀಪಾವಳಿ ಹೊತ್ತಿಗೆ ಎಂದು ನಿಗದಿಯಾಗಿತ್ತು. ಅಷ್ಟರೊಳಗೆ ಆಗದಿದ್ದರೆ ಸಿಕ್ಕ ಫಾಂಟಿನಲ್ಲಿ ಛಾಪಿಸಿ ಅಂಟಿಸುವುದು ಟ್ರಸ್ಟಿನ ಲೆಕ್ಕಾಚಾರ. ತಪ್ಪೆನ್ನಲಾಗದು. ರೋಗಿಗಳು ಅಕ್ಷರಶೈಲಿಗಾಗಿ ಕಾಯುವುದಿಲ್ಲ. ಹಾಗಾಗಿ ಉಳಿದ ನಾಗರಿ ಅಕ್ಷರಗಳನ್ನು ನಾನೇ ಎಳೆದು ಮುಗಿಸಲು ಕೂತೆ. ನಾನು ಮರಾಠಿ ಓದುತ್ತೇನೆ, ಮಾತಾಡುತ್ತೇನೆ. ಸಾಕು ಅಂದುಕೊಂಡೆ. ದಾದಾ ಮುಗಿಸಿದ್ದ ಅಕ್ಷರಗಳಿಂದ ತುಂಡು ತೆಗೆದು ಹೊಸ ಅಕ್ಷರ ಕಟ್ಟಿದೆ: ಇದರ ಕಂಬ, ಅದರ ಕೊಂಡಿ, ಇನ್ನೊಂದರ ಹೊಟ್ಟೆ. ಮರಾಠಿಯ ಲ, ಶ ಹಿಂದಿಯವರು ಬರೆಯುವ ಹಾಗಲ್ಲ ಎಂಬುದನ್ನೂ ಮರೆಯದೆ ಮಾಡಿದೆ.

ಮುಗಿದ ಮೇಲೆ ಪೂರ್ತಿ ವಾಕ್ಯಗಳನ್ನು ಜೋಡಿಸಿ, ಆಸ್ಪತ್ರೆಯ ಹಿರಿಯ ನರ್ಸಬಾಯಿಗೆ ತೋರಿಸಿದೆ. ಅವರ ಮನೆಮಾತು ಮರಾಠಿ. ಕನ್ನಡಕ ಏರಿಸಿ ಎರಡು ಹಾಳೆಯನ್ನೂ ಓದಿದರು.

“ಬರೋಬರಿ ಅದಾವ್ರಿ ಎಲ್ಲಾ,” ಎಂದರು. ಆಮೇಲೆ ಸ್ವಲ್ಪ ತಡೆದು, “ಸಿಟ್ಟ ಆಗಬ್ಯಾಡ್ರಿ ಮತ್ತ. ಕನ್ನಡದವರು ಮರಾಠಿ ಮಾತಾಡಿದಂಗ ಐತಿ.”

ಸಿಟ್ಟು ಬರಲಿಲ್ಲ. ಮನೆಗೆ ಬಂದು ಹಾಳೆಗಳನ್ನು ಗೋಡೆಗೆ ಅಂಟಿಸಿ ದೂರ ನಿಂತು ನೋಡಿದೆ. ಅವರು ಹೇಳಿದ್ದು ಅಕ್ಷರಶಃ ಕಾಣುತ್ತಿತ್ತು. ಯಾವುದು ದಾದಾನದು, ಯಾವುದು ನನ್ನದು ಎಂದು ಒಂದು ಕೋಲು ಹಿಡಿದು ತೋರಿಸಬಹುದಿತ್ತು. ಅವರ ಅಕ್ಷರಗಳು ತಲೆಗೆರೆಗೆ ನೇತುಬಿದ್ದಿದ್ದವು. ನನ್ನವು ಕನ್ನಡದ ಹಾಗೆ ನೆಲದ ಮೇಲೆ ಕೂತಿದ್ದವು.

ಆ ಶನಿವಾರ ಖಾನಾಪುರದ ಬಸ್ಸು ಹತ್ತಿದೆ. ದಾದಾ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಮೇಜನ್ನು ಖಾಲಿ ಮಾಡಿಸಿದ್ದರು, ಪೆನ್ಸಿಲ್ಲುಗಳಿರಲಿಲ್ಲ. ಗೋಡೆಯ ಕ್ಯಾಲೆಂಡರನ್ನೂ ತೆಗೆಸಿದ್ದರು. ಅಕ್ಷರಗಳನ್ನು ಬೆರಳಿನಿಂದ ತಿದ್ದಿಸಿರಿ, ಹಾಗೆ ಓದು ಸ್ವಲ್ಪ ತಿರುಗಿ ಬರಬಹುದು ಎಂದು ವೈದ್ಯರು ಹೇಳಿ ಕಳಿಸಿದ್ದರಂತೆ. ವಹಿನಿ ಬಾಲವಾಡಿಯ ಮಕ್ಕಳ ಪುಸ್ತಕ ತಂದಿದ್ದರು. ಅವರು ಅದನ್ನು ಮುಟ್ಟಲಿಲ್ಲ.

ನಾನು ಬ್ಯಾಗಿನಿಂದ ಹಾಳೆ ತೆಗೆದೆ. “ದಾದಾ, ಓದೂದ ಬ್ಯಾಡ. ಆಕಾರ ಅಷ್ಟ ನೋಡ್ರಿ. ಚಿತ್ರ ನೋಡಿದಂಗ.”

“ಚಿತ್ರ?” ಎಂದರು.

“ಹೂಂ. ಯಾವ್ದು ನೆಟ್ಟಗಿಲ್ಲ ಹೇಳ್ರಿ ಸಾಕು.”

ಹಾಳೆ ತೆಗೆದುಕೊಂಡು, ಅದರ ಕಡೆಗೆ ನೋಡದೆ, ಎರಡು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟರು. “ನಾ ಮೂವತ್ತ ವರ್ಷ ಇದನ್ನ ಚಿತ್ರ ಅಲ್ಲ ಅಂತ ಹೇಳಿಕೋತ ಬಂದೇನಿ. ಇವತ್ತ ನನಗ ಚಿತ್ರ ನೋಡು ಅಂತೀಯಲ್ಲ. ಹೋಗು ತಂಗಿ. ಬಸ್ ತಪ್ಪತೈತಿ.”

ಬಸ್ಸು ಬೇಕಾದಷ್ಟಿದ್ದವು. ಗೇಟಿನ ತನಕ ಬಂದ ವಹಿನಿ, “ಸ್ವಲ್ಪ ದಿನ ಬರಬ್ಯಾಡ್ರಿ. ನೀವ್ ಬರ್ತೀರಿ ಅಂದ ಕೂಡ್ಲೇ ಊಟ ಬಿಡ್ತಾರ,” ಎಂದರು. ಅವರ ಕಣ್ಣು ಕೆಂಪಾಗಿತ್ತು. ನಾನು ಆ ಮನೆಗೆ ಕಳೆದ ಎಷ್ಟೋ ವರ್ಷಗಳಿಂದ ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋಗುತ್ತಿದ್ದವಳು. ಬೆಳಗಾವಿಯ ತನಕ ಕಿಟಕಿಯ ಪಕ್ಕ ಕೂತು ಬಂದೆ. ದಾರಿಯಲ್ಲಿ ಏನು ಕಂಡೆನೋ ನೆನಪಿಲ್ಲ.

ಆ ತಿಂಗಳು ನನ್ನ ಕನ್ನಡಕ್ಕೂ ಪೆಟ್ಟು ಬಿತ್ತು. ಫೌಂಡ್ರಿಯಲ್ಲಿ ಮೊದಲ ಫಲಕದ ಎರಕ ಹೊಯ್ದರು. ಮರದ ಪ್ಯಾಟರ್ನನ್ನು ಮರಳಿನಲ್ಲಿ ಒತ್ತಿ ಎತ್ತಿದರೆ ಅಚ್ಚು ಉಳಿಯುತ್ತದೆ, ಅದರೊಳಗೆ ಕರಗಿದ ಅಲ್ಯೂಮಿನಿಯಂ ಹೊಯ್ಯುತ್ತಾರೆ. ಆರಿದ ಮೇಲೆ ಮರಳು ಉದುರಿಸಿ, ಬ್ರಶ್ಶಿನಿಂದ ಉಜ್ಜಿ ನನ್ನ ಮುಂದೆ ಇಟ್ಟರು. ನಾನು ಬರೆದದ್ದು ‘ಔಷಧ’. ಅಲ್ಲಿದ್ದದ್ದು ‘ಔಪದ’. ಷ ದ ಹೊಟ್ಟೆಯ ಸೀಳು ಮುಚ್ಚಿಹೋಗಿತ್ತು, ಧ ದ ಕೆಳಗಿನ ಸೀಳು ಕೂಡ.

ಫೌಂಡ್ರಿಯ ಮಾಲಕರು ಕಿರುಬೆರಳಿನ ಉಗುರು ಅಲ್ಲಿ ಇಟ್ಟು ತೋರಿಸಿದರು. “ಗೆರಿ ಗೆರಿ ನಡುವ ಮರಳು ಗ್ವಾಡಿ ಹಂಗ ನಿಂದರಬೇಕ್ರೀ. ಇಷ್ಟ ತೆಳು ಗ್ವಾಡಿ ಹ್ಯಾಂಗ ನಿಂತೀತು? ಪ್ಯಾಟರ್ನ್ ಎತ್ತೂದಕ್ಕ ಕುಸದೈತಿ.”

ಎರಕದಲ್ಲಿ ಮಾತ್ರ ಹಾಗಾಗಿದ್ದರೆ ಪ್ಯಾಟರ್ನನ್ನು ದೂರಬಹುದಿತ್ತು. ಆದರೆ ಅದೇ ಹಾಳೆಯನ್ನು ಹಜಾರದ ತುದಿಯಲ್ಲಿ ಅಂಟಿಸಿ ನೋಡಿದಾಗ ಕಣ್ಣಿಗೂ ಅಲ್ಲಿ ಸೀಳು ಮುಚ್ಚಿಯೇ ಕಂಡಿತು. ಮರಳಿಗೆ ಬೇಕಾದ ಜಾಗ ಕಣ್ಣಿಗೂ ಬೇಕಿತ್ತು. ಎಲ್ಲ ಅಕ್ಷರಗಳನ್ನೂ ಒಂದೇ ಅಳತೆಗೆ ಕಿರಿದು ಮಾಡಬೇಕೆಂಬ ನನ್ನ ಹಟದಿಂದ ಆದದ್ದು ಅದು. ಮೊದಲಿನಿಂದ ತಿದ್ದಿದೆ. ಮ, ಯ, ಝ ಗಳಿಗೆ ಅವು ಕೇಳಿದಷ್ಟು ಅಗಲ ಬಿಟ್ಟೆ, ರ, ಗ, ಠ ಗಳಿಂದ ಅದನ್ನು ವಸೂಲಿ ಮಾಡಿದೆ. ಒಳಗಿನ ಗೆರೆಗಳನ್ನು ಹೊರಗಿನವಕ್ಕಿಂತ ಕೂದಲೆಳೆಯಷ್ಟು ತೆಳ್ಳಗೆ ಮಾಡಿದೆ. ಮಹಾಪ್ರಾಣದ ಸೀಳನ್ನು ಅಕ್ಷರದ ಮೈಗೆ ಅಂಟಿಸದೆ ಕೆಳಕ್ಕೆ ಎಳೆದು ಬಿಟ್ಟೆ. ತುದಿಗಳನ್ನು ಪೂರ್ತಿ ಅರ್ಧಚಂದ್ರ ಮಾಡುವುದನ್ನೂ ಬಿಟ್ಟೆ. ಹಾಗೆ ಮಾಡಿದರೆ ಸಣ್ಣ ಗೆರೆಗಳು ಗೆರೆಗಳಾಗಿ ಉಳಿಯದೆ ಗುಳಿಗೆಗಳಾಗುತ್ತಿದ್ದವು. ಮೂಲೆಯ ಚೂಪು ಮುರಿದರೆ ಸಾಕು, ದುಂಡು ಎಂದು ಕಣ್ಣೇ ತಿಳಿದುಕೊಳ್ಳುತ್ತದೆ.

ಇದೆಲ್ಲ ಯಾರಿಗೂ ಹೇಳಲಿಲ್ಲ. ಹೇಳಿದರೆ ತಿಳಿಯುವವರು ಒಬ್ಬರೇ ಇದ್ದರು. ಎರಡನೆಯ ಎರಕದಲ್ಲಿ ‘ಔಷಧ’ ಸ್ಪಷ್ಟವಾಗಿ ಬಂತು. ಮಾಲಕರು “ಈಗ ಬಂತ್ ನೋಡ್ರಿ” ಎಂದು ಎಲ್ಲರಿಗೂ ಚಹಾ ತರಿಸಿದರು. ನಾನೂ ಕುಡಿದೆ. ಆಟೊ ಹಿಡಿದು ಮನೆಗೆ ಬಂದು, ಸಂಜೆಗೆ ಅನ್ನ ಮಾಡುವಷ್ಟು ಮನಸ್ಸಾಗದೆ ಬ್ರೆಡ್ ತಿಂದು ಮಲಗಿದೆ.

ಅಷ್ಟರಲ್ಲಿ ಸದಾಶಿವನಗರದ ಟ್ರಸ್ಟ್ ಕಚೇರಿಯಲ್ಲಿ ಸಭೆ ಕರೆದರು. ಕಾರ್ಯದರ್ಶಿ ವಿಷಯವನ್ನು ನೇರವಾಗಿ ಇಟ್ಟರು. ಪುಣೆಯಲ್ಲಿ ಒಬ್ಬರು ಸಿದ್ಧವಾದ ನಾಗರಿ ಫಾಂಟ್ ಕೊಡಲು ಒಪ್ಪಿದ್ದಾರೆ, ಅದನ್ನೇ ಕಂಪ್ಯೂಟರಿನಲ್ಲಿ ಬದಿಯಿಂದ ಒತ್ತಿ ಕಿರಿದು ಮಾಡಿಕೊಂಡರಾಯಿತು. ನಾನು ಹಾಗೆ ಮಾಡಿ ತೋರಿಸಿದೆ. ಒತ್ತಿದಾಗ ನಿಂತ ಗೆರೆ ತೆಳ್ಳಗಾಯಿತು, ಮಲಗಿದ ಗೆರೆ ದಪ್ಪ ಉಳಿಯಿತು, ದುಂಡು ತುದಿಗಳು ಮೊಟ್ಟೆಗಳಾದವು.

“ಹಂಗಾದ್ರ ನೀವ ಬರದದ್ದು ಐತಲ್ಲ, ಅದನ್ನ ಕೊಡ್ರಿ,” ಎಂದರು ಕಾರ್ಯದರ್ಶಿ.

“ಅದೂ ಕೊಡೂದಿಲ್ರಿ.”

“ಮತ್ತ ಯಾರದ ಕೊಡ್ತೀರಿ?”

“ದಾದಾ ಅವರದ. ಅವರ ಮುಗಸ್ತಾರ.”

ಅವರ ಸ್ಥಿತಿ ಎಲ್ಲರಿಗೂ ತಿಳಿದಿತ್ತು. ಕಾರ್ಯದರ್ಶಿ ಮೆತ್ತಗೆ ಕೇಳಿದರು: “ಓದಾಕ ಬರದವರ ಕಡಿಂದ ಅಕ್ಷರ ಮಾಡಸ್ತೀರಿ?”

ದಾದಾ ಮುಗಿಸುತ್ತಾರೆ ಎಂಬ ಮಾತು ಬಾಯಿಂದ ಬರುವ ಕ್ಷಣದವರೆಗೆ ನಾನು ಅದನ್ನು ಯೋಚಿಸಿಯೂ ಇರಲಿಲ್ಲ. ಅವರು ಒಪ್ಪುತ್ತಾರೆಂಬ ಭರವಸೆಯಿರಲಿ, ಗೇಟು ತೆರೆಯುತ್ತಾರೆಂಬ ಭರವಸೆಯೂ ಇರಲಿಲ್ಲ. ಆದರೆ ಆ ಅರ್ಧ ಲಿಪಿಯನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ದಾದಾ ಸತ್ತಿದ್ದಾರೆ ಎಂದು ನಾನೇ ಸಹಿ ಹಾಕಿಕೊಟ್ಟ ಹಾಗೆ ಅನ್ನಿಸಿತು. ಫೌಂಡ್ರಿಯ ಮಾಲಕರು ನಡುವೆ ಬಂದರು. “ಒಂದು ಮರಾಠಿ ಪಾಟಿ ಹೊಯ್ಯೂಣ್ರಿ. ಅವರಿಗೆ ತೋರಸ್ಲಿ. ಆಗ್ಲಿಲ್ಲಂದ್ರ ಪುಣೆದು ಇದ್ದ ಐತಿ.”

ಹಾಳೆ, ಪರದೆ ಎರಡನ್ನೂ ದಾದಾ ದೂರ ಇಟ್ಟಿದ್ದರು. ಲೋಹದ ತುಂಡನ್ನಾದರೂ ಕೈಗೆ ತೆಗೆದುಕೊಂಡಾರು ಎಂಬಷ್ಟೇ ನನ್ನ ಆಸೆ. ಅವರು ಮುಗಿಸಿದ್ದ ಅಕ್ಷರಗಳಲ್ಲಿ ಆಸ್ಪತ್ರೆಗೆ ಹೊಂದುವ ಮಾತು ಹುಡುಕಿದೆ. ಮರಾಠಿಯಲ್ಲೂ ಅದು ‘ಔಷಧ’ವೇ, ಅದರಲ್ಲಿ ಔ, ಷ ಎರಡೂ ಅವರವು. ಧ ಮಾತ್ರ ನಾನು ಕಟ್ಟಿದ್ದು. ಇರಲಿ ಎಂದು ಅದನ್ನೇ ಹೊಯ್ಯಿಸಿದೆ.

ವಹಿನಿಗೆ ಹೇಳದೆಯೇ ಹೋದೆ. ದಾದಾ ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ನಾನು ಅವರ ಬಲಗಡೆಯಿಂದ ಬಂದದ್ದು ಕಾಣಲಿಲ್ಲ, ಚಪ್ಪಲಿಯ ಸದ್ದಿಗೆ ತಿರುಗಿದರು.

“ಹಾಳಿ ತಂದೀಯೇನು?”

“ಇಲ್ಲ. ಪಾಟಿ. ಎರಕ ಹ್ಯಾಂಗ ಬಂದೈತಿ ನೋಡ್ರಿ ಅಷ್ಟ.”

ಕೈ ಚಾಚಿದರು. ತೂಕ ನೋಡಿದರು, ತಿರುಗಿಸಿ ಹಿಂಬದಿ ನೋಡಿದರು, ಅಂಚು ಸವರಿದರು. “ಮಾಲ್ ಚಲೋ ಐತಿ,” ಎಂದರು. ಆಮೇಲೆ ಫಲಕವನ್ನು ಮಡಿಲಲ್ಲಿ ಇಟ್ಟುಕೊಂಡು ಎದುರಿನ ಬೀದಿಯ ಕಡೆ ನೋಡುತ್ತ ಕೂತರು. ಒಂದು ಟ್ರ್ಯಾಕ್ಟರು ಹಾದುಹೋಯಿತು. ಅವರ ತೋರುಬೆರಳು ಉಬ್ಬಿದ ಗೆರೆಯ ಮೇಲೆ ತನ್ನಷ್ಟಕ್ಕೆ ಹರಿದಾಡುತ್ತಿತ್ತು, ಸುಮ್ಮನೆ ಕೂತವರು ಮೇಜಿನ ಅಂಚು ಸವರುವ ಹಾಗೆ. ಒಂದು ಗೆರೆಯ ಕೊನೆ ತಲುಪಿದಾಗ ದುಂಡು ತುದಿ ಬೆರಳನ್ನು ಮೆಲ್ಲಗೆ ಇಳಿಸುತ್ತಿತ್ತು, ಬೆರಳು ಮುಂದಿನ ಗೆರೆಗೆ ಹತ್ತುತ್ತಿತ್ತು.

ಬೆರಳು ನಿಂತಿತು. ಮತ್ತೆ ಹಿಂದಕ್ಕೆ ಹೋಗಿ ಮೊದಲಿಂದ ಹೊರಟಿತು.

“ಅ,” ಎಂದರು. ಬಹಳ ಸಣ್ಣ ದನಿ. “ಅ ಕ್ಕ ಕಾನಾ. ಮ್ಯಾಲ ಎರಡು ಮಾತ್ರಾ.” ಪಕ್ಕದ ಕಂಬಕ್ಕೆ ಕಾನಾ, ತಲೆಯ ಮೇಲಿನ ಓರೆಗೆರೆಗೆ ಮಾತ್ರಾ ಎನ್ನುತ್ತ ಶಾಲೆಯಲ್ಲಿ ಮರಾಠಿ ಮಕ್ಕಳು ಗುಣಿತ ಒಪ್ಪಿಸುವ ರೀತಿ ಅದು. “ಔ.”

ಬೆರಳು ಮುಂದೆ ಹೋಯಿತು. ಹೊಟ್ಟೆಯ ಒಳಗೆ ಇಳಿಯಿತು, ಅಡ್ಡಗೆರೆ ಸಿಕ್ಕಿತು. “ಪೋಟಫೋಡ್ಯಾ. ಷ.” ಬಾಗಿಲಲ್ಲಿ ಬಂದು ನಿಂತಿದ್ದ ವಹಿನಿಯ ಕೈಯಲ್ಲಿ ಚಹಾದ ಕಪ್ಪು ಇತ್ತು, ಅದನ್ನು ಎಲ್ಲಿಡಬೇಕೆಂದು ಅವರಿಗೆ ತೋಚದಂತಿತ್ತು. ಬೆರಳು ಮೂರನೆಯ ಅಕ್ಷರಕ್ಕೆ ಹತ್ತಿತು, ತಲೆಗೆರೆಯ ಉದ್ದಕ್ಕೆ ಹೋಯಿತು, ಇಳಿಯಿತು, ಸುತ್ತಿತು.

“ಘ.” ಮತ್ತೆ ಮಾಡಿದರು. “ಔಷಘ? ಔಷಘ ಅನ್ನೂ ಶಬ್ದ ಎಲ್ಲೈತಿ?”

ನಾಗರಿಯಲ್ಲಿ ಧ, ಘ ಎರಡರ ಮೈಯೂ ಒಂದೇ. ಘ ದ ಎಡಮೂಲೆ ತಲೆಗೆರೆಗೆ ಸೇರಿರುತ್ತದೆ. ಧ ದ್ದು ಸೇರಬಾರದು, ಅಲ್ಲಿ ಒಂದು ಕೊಂಡಿಯಾಗಿ ಒಳಕ್ಕೆ ಸುತ್ತಿಕೊಂಡು ಗೆರೆಯಿಂದ ದೂರ ನಿಲ್ಲಬೇಕು. ನಾನು ಕಿರಿದು ಮಾಡುವ ಭರದಲ್ಲಿ ಕೊಂಡಿಯನ್ನು ಗೆರೆಯ ಹತ್ತಿರ ತಂದಿದ್ದೆ. ಕಣ್ಣಿಗೆ ನಡುವೆ ಎಳೆಯಷ್ಟು ಬೆಳಕು ಇತ್ತು. ಬೆರಳಿಗೆ ಏನೂ ಇರಲಿಲ್ಲ.

“ಈ ಧ ನಂದಲ್ಲ,” ಎಂದರು ದಾದಾ.

“ಅಲ್ಲ. ನಂದು.”

“ಪೆನ್ಸಿಲ್ ಕೊಡು.”

ಆ ಮೇಲಿನದೆಲ್ಲ ಸಲೀಸಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಪ್ರತಿ ಅಕ್ಷರವನ್ನೂ ಎರಕ ಹೊಯ್ಯಿಸಲಾಗದು. ಪ್ಯಾಟರ್ನ್ ಮಾಡುವವರಿಂದ ಅಕ್ಷರಗಳನ್ನು ಮರದಲ್ಲಿ ಉಬ್ಬು ಕೊರೆಸಿ, ಚೀಲದಲ್ಲಿ ತುಂಬಿಕೊಂಡು ಖಾನಾಪುರಕ್ಕೆ ಒಯ್ಯುತ್ತಿದ್ದೆ. ಅವರು ಬೆರಳಿನಿಂದ ಓದಿ, ತಪ್ಪು ಕಂಡಲ್ಲಿ ಉಗುರಿನಿಂದ ಗುರುತು ಮಾಡಿ, ಹಾಳೆಯ ಮೇಲೆ ಸರಿಯಾದದ್ದನ್ನು ಬರೆದು ಕೊಡುತ್ತಿದ್ದರು. ಬರೆಯುವಾಗ ಕೈ ತಪ್ಪುತ್ತಿರಲಿಲ್ಲ. ಬರೆದು ಮುಗಿಸಿದ ಅಕ್ಷರವನ್ನು ಕ್ಷಣ ಬಿಟ್ಟು ನೋಡಿದರೆ ಅವರಿಗೇ ಗುರುತು ಸಿಗುತ್ತಿರಲಿಲ್ಲ. “ಇದ್ ಏನ್ ಬರದ್ನಿ?” ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಒಂದು ದಿನ ಒಂದೇ ಅಕ್ಷರವನ್ನು ಹಾಗೆ ಮತ್ತೆ ಮತ್ತೆ ಕೇಳಿ, ಕೊನೆಗೆ ಮರದ ತುಂಡುಗಳನ್ನೆಲ್ಲ ಅಂಗಳಕ್ಕೆ ಎಸೆದರು. ವಹಿನಿಯೂ ನಾನೂ ಅವನ್ನು ಆರಿಸಿದೆವು. ಅವರು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಫೋನಿಲ್ಲದ ನನ್ನ ಕೋಣೆಯನ್ನು ನಾನು ಒಂಟಿತನ ಎಂದುಕೊಂಡಿದ್ದೆ. ಈ ಮನುಷ್ಯ ತನ್ನ ಕೈ ಬರೆದದ್ದರ ಹೊರಗೆ ನಿಂತಿದ್ದರು. ಅಲ್ಲಿಗೆ ಬಂದು ಜೊತೆ ಕೊಡಲು ನನ್ನಿಂದಾಗಲಿ, ವಹಿನಿಯಿಂದಾಗಲಿ ಸಾಧ್ಯವಿರಲಿಲ್ಲ.

ಅದರ ಮರುದಿನ ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಅವರೇ ವಹಿನಿಯಿಂದ ಫೋನ್ ಹಚ್ಚಿಸಿದರು. “ಭ, ಮ ಎರಡೂ ಕೂಡೇ ತಗೊಂಡು ಬಾ. ಅವೂ ಧ, ಘ ಹಂಗ ಮೋಸ ಮಾಡ್ತಾವ,” ಎಂದರು.

ಬೆರಳಿಗೆ ಓದಲಾಗುವಂತೆ ಮಾಡಿದ ಅಕ್ಷರ ದೂರದಿಂದ ಕಣ್ಣಿಗೂ ಚೆನ್ನಾಗಿ ಕಂಡಿತು. ಕೊಂಡಿಗಳು ಬಿಚ್ಚಿಕೊಂಡವು, ಗಂಟುಗಳು ಸಡಿಲಾದವು. ಅದನ್ನು ನೋಡಿ ನಾನು ನನ್ನ ಕನ್ನಡದ ಒತ್ತಕ್ಷರಗಳನ್ನೂ ಕಣ್ಣು ಮುಚ್ಚಿ ಬೆರಳಾಡಿಸಿ ತಿದ್ದಿದೆ. ನರ್ಸಬಾಯಿಗೆ ಮತ್ತೆ ಹಾಳೆ ತೋರಿಸಿದೆ. ಈ ಸಲ ಅವರು ಅಕ್ಷರಗಳ ಬಗ್ಗೆ ಏನೂ ಹೇಳಲಿಲ್ಲ. “ಹೆರಿಗೆ ವಿಭಾಗದ್ದು ಒಂದು ಪಾಟಿ ಹೆಚ್ಚಿಗಿ ಬೇಕಾಗ್ತೈತ್ರಿ, ಎರಡು ಬಾಗಲಾ ಅದಾವ,” ಎಂದರು. ನನಗೆ ಬೇಕಾದದ್ದು ಅದೇ.

ಕೊನೆಯ ಅಕ್ಷರ ಮುಗಿದ ದಿನ ದಾದಾ ಪೆನ್ಸಿಲನ್ನು ನನ್ನ ಚೀಲದಲ್ಲಿ ಹಾಕಿದರು. “ಮುಂದಿನ ಕೆಲಸಕ್ಕ ನನ್ನ ಕರೀಬ್ಯಾಡ ತಂಗಿ,” ಎಂದರು. “ಇದು ಬಾಕಿ ಇತ್ತು, ಅದಕ್ಕ ಮಾಡಿದೆ. ಇನ್ನ ಆಗೂದಿಲ್ಲ.” ನಾನು ಚೀಲ ಕಟ್ಟಿಕೊಂಡು ಎದ್ದೆ. ವಹಿನಿ ನನಗೆ ಕುಂಕುಮ ಹಚ್ಚಿ, ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕೊಟ್ಟು ಕಳಿಸಿದರು.

ಫಲಕಗಳು ಹೊತ್ತಿಗೆ ಸರಿಯಾಗಿ ಕಂಬಗಳಿಗೆ ಬಂದವು. ಉದ್ಘಾಟನೆಯ ದಿನ ಭಾಷಣ, ಹಾರ, ಫೋಟೊ ಎಲ್ಲ ಆಯಿತು. ಅಕ್ಷರದ ಬಗ್ಗೆ ಯಾರೂ ಮಾತಾಡಲಿಲ್ಲ, ಆಡಬೇಕಾದದ್ದೂ ಅಲ್ಲ. ನಾನು ಬೇರೊಂದು ಕೆಲಸ ಹಿಡಿದೆ, ಬರಿಯ ಕನ್ನಡದ್ದು.

ಚಳಿ ಸುರುವಾದ ಮೇಲೆ ಒಂದು ಮಧ್ಯಾಹ್ನ, ಫಲಕಗಳ ಮೊಳೆ ಸಡಿಲಾಗಿವೆಯೇ ನೋಡಿ ಎಂದು ಫೌಂಡ್ರಿಯ ಮಾಲಕರು ಹೇಳಿದ್ದರಿಂದ, ಆಸ್ಪತ್ರೆಗೆ ಹೋಗಿದ್ದೆ. ಹಜಾರದಲ್ಲಿ ಖಾನಾಪುರದ ಬಸ್ಸು ಇಳಿದು ಬಂದವರ ಗದ್ದಲ. ಒಬ್ಬ ಹೆಂಗಸು ಕಂಬದ ಕಡೆ ಒಮ್ಮೆ ಕಣ್ಣು ಹಾಯಿಸಿ, ನಿಲ್ಲದೆ, ಸರಿಯಾದ ಬಾಗಿಲಿಗೆ ನುಗ್ಗಿದಳು. ನಾನು ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಆಗ ದಾದಾ ಕಂಡರು. ತಪಾಸಣೆಗೆ ಬಂದಿದ್ದಿರಬೇಕು. ವಹಿನಿ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದರು. ದಾದಾ ಒಬ್ಬರೇ ರಕ್ತ ಪರೀಕ್ಷೆಯ ಬಾಗಿಲ ಬಳಿಯ ಕಂಬದ ಮುಂದೆ, ಎಡಗೈಯನ್ನು ಗೋಡೆಗೆ ಊರಿ, ಬಲಗೈಯ ಬೆರಳನ್ನು ಫಲಕದ ಮೇಲೆ ಇಟ್ಟಿದ್ದರು. ಬೆರಳು ಮೇಲಿನ ಕನ್ನಡದ ಸಾಲಿನಲ್ಲಿತ್ತು, ನನ್ನ ಅಕ್ಷರಗಳ ಮೇಲೆ. ನಾನು ಅವರ ಬಲಗಡೆಗಿದ್ದೆ, ಅವರಿಗೆ ಕಾಣದ ಕಡೆ. ಎದ್ದು ಅವರ ಬಳಿ ಹೋಗಬೇಕೆಂದುಕೊಂಡೆ, ಹೋಗಲಿಲ್ಲ.

ಹಿಂದೆ ಮಗುವನ್ನು ಎತ್ತಿಕೊಂಡು ನಿಂತಿದ್ದವನೊಬ್ಬ ತಾಳ್ಮೆಗೆಟ್ಟು, “ಕಾಕಾ, ಬಾಜೂಕ ಸರೀರಿ. ಏನ್ ಹುಡಕಾಕತ್ತೀರಿ ಅಲ್ಲೆ?” ಎಂದ.

ದಾದಾ ತಿರುಗಲಿಲ್ಲ, ಬೆರಳನ್ನೂ ತೆಗೆಯಲಿಲ್ಲ.

“ತಡೀಪಾ,” ಎಂದರು. “ಓದಾಕತ್ತೇನಿ.”